ಪ್ರಾಚೀನ ಗ್ರೀಕರು ಅಶ್ವಯೋಧರನ್ನು ಏನೆಂದು ಕರೆಯುತ್ತಿದ್ದರು?

ಗ್ರೀಕ್ ಭಾಷೆಯಲ್ಲಿ ಕುದುರೆ ‘ಹಿಪ್ಪೊಸ್’. ಸಂಸ್ಕೃತದ ‘ಅಶ್ವ’ದೊಡನೆ ಒಂದೇ ಮೂಲದಿಂದ ಬಂದ ಈ ಪದದಿಂದಲೇ ಸವಾರನನ್ನು ಸೂಚಿಸುವ ‘ಹಿಪ್ಪೆವ್ಸ್’ ಮತ್ತು ಅದರ ಬಹುವಚನವಾದ ‘ಹಿಪ್ಪೇಸ್’ ಹುಟ್ಟಿದವು. ಮಧ್ಯಯುಗದ ಯುರೋಪಿನ ನೈಟ್ ಪದವಿಗೆ ಸರಿಸಮಾನವಾದುದು ಗ್ರೀಕರಲ್ಲಿ ಇರಲಿಲ್ಲವಾದರೂ, ಕುದುರೆ ಸಾಕುವುದು ಸಿರಿವಂತರಿಗಷ್ಟೇ ಸಾಧ್ಯವಿದ್ದುದರಿಂದ ‘ಹಿಪ್ಪೇಸ್’ ಎಂಬುದು ಅಂತಸ್ತಿನ ಹೆಸರೂ ಆಯಿತು. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಅಥೆನ್ಸಿನ ಶಾಸನಕರ್ತ ಸೋಲೋನನು ನಾಗರಿಕರನ್ನು ಜಮೀನಿನ ಹುಟ್ಟುವಳಿಗೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿದಾಗ, ವರ್ಷಕ್ಕೆ ಕನಿಷ್ಠ 300 ‘ಮೆಡಿಮ್ನೋಸ್’ (ಧಾನ್ಯದ ಒಂದು ಅಳತೆ) ಉತ್ಪನ್ನವಿದ್ದವರು ಎರಡನೆಯ ವರ್ಗವಾದ ಹಿಪ್ಪೇಸ್‌ಗೆ ಸೇರಿದರು. ಇದಕ್ಕಿಂತಲೂ ಕುತೂಹಲಕರವಾದುದು ಸ್ಪಾರ್ಟಾದ ಬಳಕೆ: ಅಲ್ಲಿ ಅದೇ ಹೆಸರು ಹೊತ್ತ 300 ಮಂದಿ ಆಯ್ದ ಯೋಧರು ರಾಜನ ಅಂಗರಕ್ಷಕರಾಗಿ, ಕುದುರೆಯನ್ನೇರದೆ ಕಾಲಾಳುಗಳಾಗಿಯೇ ಯುದ್ಧ ಮಾಡುತ್ತಿದ್ದರು.