ತೃಣಗಳ ಬೀಜದಲ್ಲಿ ವಾಸಿಸುವ ಶಿಲೀಂಧ್ರಗಳು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ಆಧಾರವಾದ ಬತ್ತ, ರಾಗಿ, ಕಬ್ಬು ಇವು ಮೂರೂ ತೃಣಕುಲಕ್ಕೆ ಸೇರಿದ ಸಸ್ಯಗಳು. ಬದುವಿನ ಗರಿಕೆಯೂ ಇವುಗಳ ದಾಯಾದಿಯೇ. ಈ ಕುಲದ ಅನೇಕ ಸಸ್ಯಗಳ ಒಡಲಲ್ಲಿ ಬರಿಗಣ್ಣಿಗೆ ಕಾಣದ ಶಿಲೀಂಧ್ರಗಳು, ಅಂದರೆ ಬೂಷ್ಟಿನ ಜಾತಿಯ ಜೀವಿಗಳು, ನೆಲೆಸಿರುತ್ತವೆ. ಬೂಷ್ಟೆಂದೊಡನೆ ರೋಗವೆಂದು ಭಾವಿಸುವುದು ವಾಡಿಕೆ; ಆದರೆ ಇವುಗಳಲ್ಲಿ ಎಷ್ಟೋ ಉಂಡ ಮನೆಗೆ ಎರಡು ಬಗೆಯದೆ ಕಾವಲಾಗಿರುವುದುಂಟು. ಮಿತ್ರನೋ ಶತ್ರುವೋ ಎಂಬುದು, ಶಿಲೀಂಧ್ರವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗುವ ದಾರಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಶೀತಸೀಮೆಯ ಹುಲ್ಲುಗಳಲ್ಲಿರುವ ಎಪಿಕ್ಲೋಯಿ ಕುಲದ ಅನೇಕ ಪ್ರಭೇದಗಳು ಇದಕ್ಕೆ ನಿದರ್ಶನ. ಗೋದಿಯ ಹೊಲದ ಕಳೆಯಾದ ಡಾರ್ನೆಲ್ ಹುಲ್ಲಿನ ಕಾಳಿನಲ್ಲಿ ಇಂತಹ ಶಿಲೀಂಧ್ರವಿರುವುದು ಯೂರೋಪಿನಲ್ಲಿ 1898ರಲ್ಲಿಯೇ ಕಂಡುಬಂದಿತು. ಇವುಗಳ ನೂಲೆಳೆಗಳು ಜೀವಕೋಶಗಳನ್ನು ಭೇದಿಸದೆ, ಅವುಗಳ ನಡುವಣ ಸಂದಿನಲ್ಲಿ ಹರಡಿ, ತೆನೆಯನ್ನು ಸೇರಿ, ಬೀಜದೊಳಗೆ ಹೊಗುತ್ತವೆ. ಪರಾಗದ ಮೂಲಕ ಸಾಗವು. ತಾಯಿಗಿಡದಿಂದ ಮಾತ್ರ ಬರುವ ಬಳುವಳಿಯಿದು. ಬೀಜ ಕಟ್ಟದಿದ್ದರೆ ಶಿಲೀಂಧ್ರಕ್ಕೂ ಮುಂದಿನ ಗತಿಯಿಲ್ಲವಾದುದರಿಂದ ಗಿಡದ ಕ್ಷೇಮವೇ ಅದರ ಕ್ಷೇಮ. ಅದು ತಯಾರಿಸುವ ಆಲ್ಕಲಾಯಿಡುಗಳು ಕೀಟಗಳನ್ನು ದೂರವಿಡುತ್ತವೆ. ಈ ಕಾವಲಿನ ಬೆಲೆಯನ್ನು ದನಗಳು ತೆರುವುದೂ ಉಂಟು: ಅಮೆರಿಕದಲ್ಲಿ ಟಾಲ್ ಫೆಸ್ಕ್ಯೂ ಹುಲ್ಲನ್ನು ಮೇಯ್ದ ದನಗಳು ಸೊರಗುವುದಕ್ಕೂ ಅದರೊಳಗಿನ ಶಿಲೀಂಧ್ರಕ್ಕೂ ಇರುವ ಸಂಬಂಧವು 1977ರಲ್ಲಿ ಪ್ರಕಟವಾಯಿತು.

ನಮ್ಮ ನಾಡಿನಲ್ಲಿ ಇದೇ ವಂಶದ ಮತ್ತೊಂದು ಶಿಲೀಂಧ್ರವು ವಿಪರೀತವಾದ ದಾರಿಯನ್ನು ಹಿಡಿದಿದೆ. ಮಲೆನಾಡು, ಕೊಡಗುಗಳಲ್ಲಿ ಹೆಚ್ಚಾಗಿ ಕಾಣುವ ಬತ್ತದ ಊದುಬತ್ತಿ ರೋಗವು ಅದರ ಕೃತ್ಯ. ತೆನೆಯು ಇನ್ನೂ ಹೊಡೆಯೊಳಗಿರುವಾಗಲೇ ಬಿಳಿಯ ನೂಲೆಳೆಗಳು ಅದರ ಕವಲುಗಳನ್ನು ಒಟ್ಟಾಗಿ ಬಿಗಿಯುವುದರಿಂದ, ಬಾಗಬೇಕಾದ ತೆನೆ ನೆಟ್ಟಗಿನ ಬೂದುಬಣ್ಣದ ಕಡ್ಡಿಯಾಗಿ ಹೊರಬರುತ್ತದೆ. ಅದರ ಮೇಲೆ ಕಪ್ಪು ಚುಕ್ಕೆಗಳೇಳುತ್ತವೆ; ಕಾಳು ಮಾತ್ರ ಇಲ್ಲ. 1914ರಲ್ಲಿ ಸಿಡೋ ಎಂಬ ಜರ್ಮನ್ ಪಂಡಿತರು ಇದನ್ನು ಎಫೆಲಿಸ್ ಒರೈಜೆ ಎಂದು ಕರೆದರು. ಆದರೂ ಕನ್ನಡದ ಹೆಸರೇ ‘ಉಡ್ಬಟ್ಟ’ ಎಂದು ವಿರೂಪಗೊಂಡು ಇಂಗ್ಲಿಷ್ ಗ್ರಂಥಗಳಲ್ಲಿ ನಿಂತಿದೆ. ನಮ್ಮ ಮಾತೊಂದಕ್ಕೆ ಇಷ್ಟು ದೂರದ ಮನ್ನಣೆ ರೋಗದ ದೆಸೆಯಿಂದ ದೊರೆತುದು ವಿಚಿತ್ರವೇ ಸರಿ. ಈ ಶಿಲೀಂಧ್ರವು ಬೀಜದೊಡನೆ ಬರುವುದಾದರೂ ಕಡ್ಡಿಯ ಮೇಲಿನ ಬೀಜಾಣುಗಳಿಂದಲೂ ಹರಡಬಲ್ಲದು. ತಾನಿರುವ ಗಿಡದ ಕಾಳನ್ನು ಉಳಿಸುವ ಹಂಗು ಅದಕ್ಕಿಲ್ಲ. ಬಿತ್ತನೆಯ ಬತ್ತವನ್ನು 54 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ 10 ನಿಮಿಷವಿಟ್ಟು ತೆಗೆಯುವುದು ಇದಕ್ಕೆ ಪರಿಹಾರ.

ರಾಗಿಯ ವಿಷಯದಲ್ಲಿ ಚಿತ್ರ ಬೇರೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರು ರಾಗಿಗಿಡದೊಳಗಿಂದ ಬೇರ್ಪಡಿಸಿದ ಫೋಮ ಜಾತಿಯ ಶಿಲೀಂಧ್ರವೊಂದು, ಮುಸುಕಿನ ಜೋಳ ಗೋದಿಗಳನ್ನು ಕೆಡಿಸುವ ಫ್ಯುಸೇರಿಯಮ್ಮನ್ನು ತಡೆಯುವ ರಸಗಳನ್ನು ಸ್ರವಿಸುವುದೆಂದು 2015ರಲ್ಲಿ ಪ್ರಕಟಿಸಿದರು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹುಟ್ಟಿಸಿದುದು ಪ್ರಸಿದ್ಧವಾಗಿದೆ. ತಾಯಿಯಿಂದಷ್ಟೇ ಇಳಿಯುವ ಅತಿಥಿಯಿರುವ ಬೆಳೆಯಲ್ಲಿ, ಇಂತಹ ಸಂಕರಕ್ಕೆ ಯಾವ ತಳಿಯನ್ನು ತಾಯಿಯಾಗಿರಿಸಬೇಕೆಂಬುದು ವರ್ಣತಂತುಗಳ ಲೆಕ್ಕವನ್ನು ಮೀರಿದ ಪ್ರಶ್ನೆಯಾಗುತ್ತದೆ.

ಬೀಜದ ಉಗ್ರಾಣದಲ್ಲಿಯೂ ಇದನ್ನು ಮರೆಯಲಾಗದು. ಬಿಸಿ, ತೇವಗಳಲ್ಲಿಟ್ಟ ಹುಲ್ಲುಬೀಜವು ಮೊಳೆಯುವ ಶಕ್ತಿಯನ್ನು ಉಳಿಸಿಕೊಂಡಿದ್ದರೂ ಒಳಗಿನ ಎಪಿಕ್ಲೋಯಿ ಮೊದಲೇ ಸಾಯುತ್ತದೆ. ಬೀಜವನ್ನು ಮೆದುಗೊಳಿಸಿ, ಅನಿಲೀನ್ ನೀಲಿಯನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೂಲೆಳೆಗಳು ಕಾಣುತ್ತವೆ. ಆದರೆ ಸತ್ತ ಎಳೆಯೂ ಬಣ್ಣ ಹಿಡಿಯುವುದರಿಂದ, ಬೀಜವನ್ನು ಬಿತ್ತಿ, ಸಸಿಯ ಬುಡವನ್ನು ಸೀಳಿ ನೋಡಿದ ಮೇಲೆಯೇ ಅತಿಥಿಯು ಬದುಕಿರುವುದು ನಿಶ್ಚಯವಾಗುತ್ತದೆ.