ತುಕ್ಕು ತೆಗೆದರೆ ಸಾಲದು, ಉಪ್ಪು ತೊಳೆಯಬೇಕು

ನಮ್ಮಲ್ಲಿ ಅಪ್ಪನ ಕಾಲದ ಒಂದು ಯೆಜ್ಡಿ ಇದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಅದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ಹೊಳೆಹೊನ್ನೂರಿನ ನಮ್ಮ ಗದ್ದೆ, ತೋಟಕ್ಕೆ ಇವತ್ತಿಗೂ ಗೊಬ್ಬರ ಹೊರುತ್ತದೆ.

ಎರಡು ವರ್ಷದ ಹಿಂದೆ ಚಾನಲ್ ಏರಿಯ ಮೇಲೆ ಬರುತ್ತಿದ್ದಾಗ ಹಿಂದಿನ ಚಕ್ರದ ಕಡ್ಡಿಗಳು ಟಣ್ ಟಣ್ ಅಂತ ಒಂದರ ಹಿಂದೊಂದು ತುಂಡಾದವು. ಹಿಂದೆ ಕೂತಿದ್ದ ಮಗ ಬಿದ್ದ. ಕೈಮೂಳೆ ಮುರಿದು ಆರು ವಾರ ಪಟ್ಟಿ. ಮನೆಗೆ ತಂದು ಚಕ್ರ ಬಿಚ್ಚಿದೆ. ಹೊರಗೆ ರಿಮ್ಮಿನ ಕ್ರೋಮ್ ಹೊಳೆಯುತ್ತಿತ್ತು, ಟ್ಯೂಬಿನ ಅಡಿಯಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ನಿಪ್ಪಲ್ ಹತ್ತಿರ ಕಡ್ಡಿಗಳು ಬೆಂಕಿಕಡ್ಡಿಗಿಂತ ಸಣ್ಣಗಾಗಿದ್ದವು. ತಪ್ಪು ಗಾಡಿಯದ್ದಲ್ಲ, ನನ್ನದೇ.

ಯಾಕೆಂದರೆ ನಾನು ಗಾಡಿ ನಿಲ್ಲಿಸುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಗಂಜಲದ ಆವಿ, ಸದಾ ತೇವ. ಮೇಲಿಂದ ಚೀಲದಿಂದ ಸೋರುವ ಗೊಬ್ಬರ. ಪೊಟ್ಯಾಷಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಕ್ಲೋರೈಡೇ ಇರುತ್ತದೆ, ಅಂದರೆ ಅಡುಗೆ ಉಪ್ಪಿನ ಜಾತಿ. ಗಾಳಿಯ ತೇವ ಎಳೆದುಕೊಂಡು ಸಂದುಗೊಂದಿನಲ್ಲಿ ಉಪ್ಪುನೀರಾಗಿ ಕೂರುತ್ತದೆ. ಇನ್ನು ಬೋರ್ಡೊ. ಸುಣ್ಣ ಸಾಕಾಯಿತೇ ಅಂತ ನೋಡಲು ನಾವು ದ್ರಾವಣದಲ್ಲಿ ಕುಡುಗೋಲು ಅದ್ದುತ್ತೇವಲ್ಲ, ಸಾಲದಿದ್ದರೆ ಅಲಗು ಕೆಂಪಾಗುತ್ತದೆ. ಕೆಂಪಾಗುವುದು ತಾಮ್ರ ಅಂಟಿ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿರಬೇಕು. ಮೈಲುತುತ್ತದ ನೀರು ಚೆಲ್ಲಿದ ಕಡೆ ಗಾಡಿಯಲ್ಲೂ ಅದೇ ನಡೆಯುತ್ತದೆ.

1923ರಲ್ಲಿ ಕೆಲಸ ಶುರುಮಾಡಿದ ನಮ್ಮ ಭದ್ರಾವತಿ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರು ತಂದು ಕುಲುಮೆಯಲ್ಲಿ ಕಾಸಿ ಕಬ್ಬಿಣ ಮಾಡಿತು. ತುಕ್ಕು ಅಂದರೆ ಆ ಕಬ್ಬಿಣ ಮತ್ತೆ ಕೆಮ್ಮಣ್ಣಾಗುವುದು. ಬಿಟ್ಟರೆ ಅದು ಹೋಗುವ ದಾರಿಯೇ ಅದು.

ತುಕ್ಕು ತೆಗೆಯಲು ಮೊದಲು ಕಕ್ಕಸು ತೊಳೆಯುವ ಆಸಿಡ್ ತಂದೆ. ಹತ್ತು ನಿಮಿಷದಲ್ಲಿ ಬೆಳ್ಳಗೆ. ಮರುದಿನ ಬೆಳಿಗ್ಗೆ ಎಲ್ಲ ಕಂದು! ಆವಿ ಬಡಿದು ಗೋಡೆಗೆ ನೇತುಹಾಕಿದ್ದ ಕತ್ತಿ, ಗರಗಸಕ್ಕೂ ತುಕ್ಕು. ಸ್ಟ್ಯಾಂಡಿನ ಸ್ಪ್ರಿಂಗ್ ವಾರದಲ್ಲಿ ಪಟ್ಟನೆ ಮುರಿಯಿತು. ಗಟ್ಟಿ ಉಕ್ಕಿನೊಳಗೆ ಆಸಿಡ್‌ನಿಂದ ಹೈಡ್ರೋಜನ್ ಸೇರಿ ಅದು ಪೆಡಸಾಗುತ್ತದೆ ಅಂತ ಆಮೇಲೆ ತಿಳಿಯಿತು. ಸ್ಪ್ರಿಂಗ್, ಕಡ್ಡಿಗಳನ್ನು ಆಸಿಡ್‌ಗೆ ಹಾಕಲೇಬೇಡಿ.

ಕೈ ಹಿಡಿದದ್ದು ಕಾಕಂಬಿ. ದನಕ್ಕೆ ಹಾಕುತ್ತೇವಲ್ಲ, ಅದೇ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮು. ಭಾಗಗಳ ಗ್ರೀಸನ್ನು ಸೀಮೆಎಣ್ಣೆ, ಆಮೇಲೆ ಸೋಪಿನಿಂದ ತೊಳೆದು ಮುಳುಗಿಸಿಟ್ಟೆ. ಜಿಡ್ಡಿದ್ದ ಕಡೆ ಕಾಕಂಬಿ ಹಿಡಿಯುವುದಿಲ್ಲ. ಸ್ಟ್ಯಾಂಡು, ಚೈನ್ ಕವರು, ಕ್ಯಾರಿಯರಿಗೆ ಹನ್ನೆರಡು ದಿನ ಹಿಡಿಯಿತು. ಹುಳಿ ವಾಸನೆಗೆ ಮನೆಯವಳು ಡ್ರಮ್ಮನ್ನು ಬೇಲಿಯಾಚೆ ಕಳಿಸಿದಳು. ಅವಸರವಿಲ್ಲದವರಿಗೆ ಈ ವಿಧಾನ. ಕಬ್ಬಿಣವನ್ನು ತಿನ್ನದೆ ತುಕ್ಕನ್ನಷ್ಟೇ ಬಿಡಿಸುತ್ತದೆ. ಅಲ್ಯೂಮಿನಿಯಂ ಭಾಗ ಮಾತ್ರ ಹಾಕಬಾರದು, ತಿಂದುಬಿಡುತ್ತದೆ. ಸಣ್ಣ ಬೋಲ್ಟಿಗೆ ಹುಣಸೆಹುಳಿ ಸಾಕು.

ಹೊರತೆಗೆದ ಮೇಲಿನ ಅರ್ಧ ದಿನವೇ ಮುಖ್ಯ. ತಂತಿ ಬ್ರಷ್ಷಿನಿಂದ ಉಜ್ಜಿ, ಧಾರಾಳ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಕುಳಿಗಳಲ್ಲಿ ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ತುಕ್ಕು ಚಿಗುರುತ್ತದೆ. ಕೊನೆಗೆ ವಾಷಿಂಗ್ ಸೋಡಾ ನೀರು, ಮತ್ತೆ ಒಳ್ಳೆ ನೀರು, ಬಿಸಿಲು. ಬರಿಮೈ ಕಬ್ಬಿಣ ತೇವದಲ್ಲಿ ಒಂದು ಗಂಟೆಯೊಳಗೇ ಕಂದು ತಿರುಗುವುದುಂಟು. ಹಾಗಾಗಿ ಈ ಕೆಲಸ ಮಾಘ, ಫಾಲ್ಗುಣದಲ್ಲಿ ಮಾಡಿ, ಮಳೆಗಾಲದಲ್ಲಿ ಬೇಡ. ಬೆಳಿಗ್ಗೆ ತೊಳೆದದ್ದಕ್ಕೆ ಅವತ್ತೇ ಪ್ರೈಮರ್ ಬೀಳಬೇಕು. ಜಿಂಕ್ ಫಾಸ್ಫೇಟ್ ಪ್ರೈಮರ್ ಒಳ್ಳೆಯದು. ಬಣ್ಣ ತೆಳ್ಳಗೆ ಎರಡು ಸಲ. ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗೇ ಇರುತ್ತದೆ.

ಕ್ರೋಮಿನ ಮೇಲಿನ ಚುಕ್ಕೆ ತುಕ್ಕನ್ನು ಅಲ್ಯೂಮಿನಿಯಂ ಹಾಳೆಯ ಉಂಡೆ ನೀರಲ್ಲಿ ಅದ್ದಿ ಉಜ್ಜಿದರೆ ಹೋಗುತ್ತದೆ. ಅದು ಕ್ರೋಮಿಗಿಂತ ಮೆತ್ತಗೆ, ಗೀರು ಬೀಳದು. ಆದರೆ ಆ ಚುಕ್ಕೆ ಇರುವ ಕಡೆ ಕ್ರೋಮ್ ತೂತಾಗಿದೆ ಎಂದೇ ಅರ್ಥ. ಉಜ್ಜಿದ ಮೇಲೆ ಮೇಣ ಹಚ್ಚದಿದ್ದರೆ ಮತ್ತೆ ಬರುತ್ತದೆ.

ಕಡ್ಡಿ, ನಿಪ್ಪಲ್, ರಿಮ್ಮುಗಳನ್ನು ಮಾತ್ರ ಹೊಸದೇ ಹಾಕಿಸಿದೆ. ಸವೆದ ಕಡ್ಡಿಗೆ ಎಷ್ಟು ಚೆಂದ ಬಣ್ಣ ಬಳಿದರೂ ಕಳೆದುಹೋದ ಕಬ್ಬಿಣ ವಾಪಸು ಬರುವುದಿಲ್ಲ. ಪೆಟ್ರೋಲ್ ಟ್ಯಾಂಕಿಗೂ ನಾನು ಕೈ ಹಾಕಲಿಲ್ಲ. ಖಾಲಿ ಟ್ಯಾಂಕಿನೊಳಗಿನ ಆವಿಗೆ ಒಂದು ಕಿಡಿ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಅದು ನೀರು ಎಳೆಯುತ್ತದೆ. ಗಾಡಿ ತುಂಬಾ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿಡಿ.

ಗಾಡಿ ಈಗ ಕೊಟ್ಟಿಗೆಯಲ್ಲಿಲ್ಲ, ಅಟ್ಟದ ಮೆಟ್ಟಿಲ ಕೆಳಗಿದೆ. ಗೊಬ್ಬರ ತಂದ ದಿನ, ಔಷಧಿ ಹೊಡೆದ ದಿನ ರಾತ್ರಿ ಊಟಕ್ಕೆ ಮುಂಚೆ ಎರಡು ಕೊಡ ನೀರು ಚಕ್ರಕ್ಕೆ, ಕ್ಯಾರಿಯರಿಗೆ. ಆ ನೀರು ಹಾಕುವವನು ಮಗ. ಪ್ರತಿ ಸಲವೂ ಕಡ್ಡಿಗಳನ್ನು ಬೆರಳಿನಿಂದ ಒಂದೊಂದಾಗಿ ಮೀಟಿ ನೋಡುತ್ತಾನೆ. ಸಡಿಲವಾದದ್ದು ಮಂದವಾಗಿ ಸದ್ದು ಮಾಡುತ್ತದೆ.