ದಿನಕ್ಕೊಂದು ಗಂಟೆ, ಎರಡು ವರ್ಷ ಸಾಕೇ?

ದಿನಕ್ಕೊಂದು ಗಂಟೆ ಕಲಿತರೆ ಪರಭಾಷೆಯಲ್ಲಿ ಸರಾಗವಾಗಿ ಮಾತಾಡಲು ಎಷ್ಟು ವರ್ಷ ಹಿಡಿದೀತು? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು ಎಲೇನ್ ಹಾರ್ವಿಟ್ಸ್ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. 34 ಅಂಶಗಳಿದ್ದ ಆ ಪ್ರಶ್ನಾವಳಿಯ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಎರಡು ವರ್ಷ ಧಾರಾಳವಾಯಿತು ಎಂದವರು ಕಡಿಮೆಯೇನಿರಲಿಲ್ಲ.

ಎರಡು ವರ್ಷವೆಂದರೆ 730 ಗಂಟೆ. ಇಂಗ್ಲಿಷ್ ಬಲ್ಲವರು ಸ್ಪ್ಯಾನಿಷ್ ಕಲಿಯುವುದಾದರೆ ಲೆಕ್ಕ ತೀರಾ ತಪ್ಪಲ್ಲ. ಜಪಾನಿಗಾದರೆ 2,200 ತರಗತಿ ಗಂಟೆ ಬೇಕೆನ್ನುತ್ತದೆ, ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ. ಅಲ್ಲಿಗೆ ಆರು ವರ್ಷ! ಎರಡೇ ವರ್ಷವೆಂದು ನಂಬಿ ಹೊರಟವನು ಮೂರನೇ ವರ್ಷವೂ ತಡವರಿಸಿದರೆ ತನ್ನ ಲೆಕ್ಕವನ್ನು ಅನುಮಾನಿಸುವುದಿಲ್ಲ, ತನ್ನ ತಲೆಯನ್ನೇ ಅನುಮಾನಿಸುತ್ತಾನೆ. ‘ನನಗೆ ಭಾಷೆ ಹತ್ತುವುದಿಲ್ಲ’ ಎಂಬ ತೀರ್ಮಾನ ಬಹುಮಟ್ಟಿಗೆ ಹುಟ್ಟುವುದೇ ಹೀಗೆ ಎಂದು ನನ್ನ ಅನಿಸಿಕೆ.

ತಪ್ಪಿಲ್ಲದೆ ಹೇಳಲು ಬರುವವರೆಗೆ ಬಾಯಿ ಬಿಡಬಾರದು ಎಂಬ ನಂಬಿಕೆ ಇನ್ನೂ ದುಬಾರಿ. ಸುಮ್ಮನೆ ಕುಳಿತವನ ತಪ್ಪು ಮೇಷ್ಟ್ರ ಕಿವಿಗೇ ಬೀಳುವುದಿಲ್ಲ, ಇನ್ನು ತಿದ್ದುವುದೆಲ್ಲಿಂದ? ಭಾಷಾ ತರಗತಿಯ ಅಳುಕನ್ನು ಅಳೆಯಲು ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಕೊಟ್ಟ 33 ಹೇಳಿಕೆಗಳಲ್ಲಿ ಒಂದು, ‘ನಾನು ಮಾತಾಡಿದರೆ ಉಳಿದವರು ನಕ್ಕಾರು’ ಎಂಬ ಭಯದ್ದು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚು ಹಿಡಿದ ಕನ್ನಡ ಮಾಧ್ಯಮದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಟ್ಟ ಮಕ್ಕಳಿಗೆ ಭಾಷೆ ಬೇಗ ಬರುತ್ತದೆ ಎಂಬುದೂ ಅರ್ಧ ಸತ್ಯವೇ. ನೆದರ್ಲೆಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12ರಿಂದ 15ರ ಹರೆಯದವರು ಮತ್ತು ದೊಡ್ಡವರು. ಎಲ್ಲರಿಗಿಂತ ಹಿಂದಿದ್ದವರು 3ರಿಂದ 5 ವರ್ಷದ ಚಿಣ್ಣರು.

ಹಾಗಾದರೆ ನಂಬಿಕೆ ತಿದ್ದಿದರೆ ಅಂಕ ಏರುತ್ತದೆಯೇ? ವಿಶ್ವಾಸವಿದ್ದವರಿಗೆ ಹೆಚ್ಚು ಅಂಕ ಎಂದು ಸಮೀಕ್ಷೆ ಹೇಳಬಹುದು; ಅಂಕ ಬಂದದ್ದರಿಂದಲೇ ವಿಶ್ವಾಸ ಬಂದಿರಲೂಬಹುದಲ್ಲ! ಈ ಗಂಟು ಬಿಡಿಸಲು ಪ್ರಯೋಗವೇ ಆಗಬೇಕು. ಭಾಷೆಗಷ್ಟೇ ಸೀಮಿತವಲ್ಲದ ಅಂಥದ್ದೊಂದು ಪ್ರಯೋಗ ಅಮೆರಿಕದಲ್ಲಿ ಒಂಬತ್ತನೇ ತರಗತಿಯ 12,000ಕ್ಕೂ ಹೆಚ್ಚು ಮಕ್ಕಳ ನಡುವೆ ನಡೆಯಿತು. ಬುದ್ಧಿ ಬೆಳೆಸಿದರೆ ಬೆಳೆಯುತ್ತದೆ ಎಂಬ ಪಾಠವನ್ನು ಅವರಲ್ಲಿ ಒಂದು ಗುಂಪಿಗೆ ಕಂಪ್ಯೂಟರಿನಲ್ಲಿ ಕೊಟ್ಟರು, ಒಟ್ಟು ಒಂದು ಗಂಟೆಯೂ ಇಲ್ಲದ ಪಾಠ. ಓದಿನಲ್ಲಿ ಹಿಂದಿದ್ದವರ ಗ್ರೇಡು 4ರ ಅಳತೆಯಲ್ಲಿ ಸುಮಾರು 0.1ರಷ್ಟು ಮೇಲೇರಿತು ಎಂದು 2019ರಲ್ಲಿ ವರದಿಯಾಯಿತು. ಸಣ್ಣದೇ, ಆದರೆ ಒಂದು ಗಂಟೆಯ ಪಾಠಕ್ಕೆ ಇದು ಕಡಿಮೆಯಲ್ಲ. ಕಷ್ಟದ ಕೆಲಸಕ್ಕೆ ಕೈಹಾಕುವುದನ್ನು ಸಹಪಾಠಿಗಳೂ ಮೆಚ್ಚುವ ಶಾಲೆಗಳಲ್ಲಿ ಈ ಏರಿಕೆ ಹೆಚ್ಚಿತ್ತು. ಅಂಥ ವಾತಾವರಣವಿಲ್ಲದ ಕಡೆ ಅಷ್ಟಾಗಿ ಕಾಣಲಿಲ್ಲ.